ಮಗಳ ಕ್ಯಾಥೋಲಿಕ್ ಶಾಲೆಯಲ್ಲಿ ಹೊಗೆ ವಿಧಿ, ಆಮೇಲೆ 'ಸಾರಿ ಡೇ': ಅಮ್ಮನಿಗೆ ಏನು ಹೇಳಲಿ, ಮಗಳಿಗೆ ಏನು ಹೇಳಲಿ?

ಬೆಳ್ತಂಗಡಿಯವಳು (ಮೆಲ್ಬರ್ನ್)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ. ಈ ವಿಷಯ ಬಿಚ್ಚಿ ಮಾತಾಡಲು ಇಲ್ಲಿ ನನಗೆ ಬೇರೆ ಯಾರೂ ಸಿಗಲಿಲ್ಲ.

ನಮ್ಮದು ಬೆಳ್ತಂಗಡಿ ಹತ್ತಿರದ ಕ್ಯಾಥೋಲಿಕ್ ಮನೆ. ಮನೆಮಾತು ಕೊಂಕಣಿ, ಶಾಲೆ ಕಲಿತದ್ದು ಕನ್ನಡದಲ್ಲಿ. ಮೆಲ್ಬರ್ನ್‌ಗೆ ಬಂದು ಏಳು ವರ್ಷ ಆಯಿತು. ಮಗಳು ಇಲ್ಲಿನ ಕ್ಯಾಥೋಲಿಕ್ ಪ್ರೈಮರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸ್. ಏಪ್ರಿಲ್‌ನಲ್ಲಿ ಅಮ್ಮ ಊರಿನಿಂದ ಬಂದಿದ್ದಾರೆ, ಮೂರು ತಿಂಗಳು ಇರುತ್ತಾರೆ.

ಕಳೆದ ಶುಕ್ರವಾರ ಶಾಲೆಯಲ್ಲಿ ಹೊಸ ಕೈತೋಟದ ಆಶೀರ್ವಾದ ಇತ್ತು. ಇಲ್ಲಿನ ಮಣ್ಣಿನದೇ ಗಿಡಗಳನ್ನು ಮಕ್ಕಳು ನೆಟ್ಟ ತೋಟ. ಫಾದರ್ ಬಂದು ಪವಿತ್ರ ನೀರು ಚಿಮುಕಿಸುತ್ತಾರೆ, ಅಷ್ಟೇ ಅಂದುಕೊಂಡು ಅಮ್ಮನನ್ನೂ ಕರೆದುಕೊಂಡು ಹೋದೆ. ಹೋಗಿ ನೋಡಿದರೆ ಅಂಗಳದ ಮಧ್ಯೆ ಕಬ್ಬಿಣದ ಡ್ರಮ್ಮಿನಲ್ಲಿ ಬೆಂಕಿ. ಪಕ್ಕದಲ್ಲಿ ವುರುಂಡ್ಜೆರಿ ಜನರ, ಅಂದರೆ ಮೆಲ್ಬರ್ನ್‌ನ ಈ ನೆಲದ ಮೂಲನಿವಾಸಿಗಳ, ಹಿರಿಯ ಹೆಂಗಸೊಬ್ಬರು ತುಪ್ಪಳದ ಹೊದಿಕೆ ಹೊದ್ದು ನಿಂತಿದ್ದರು. ಪಾಸಮ್ ಅಂತ ಇಲ್ಲೊಂದು ಪ್ರಾಣಿ ಇದೆ, ಅದರ ಚರ್ಮಗಳನ್ನು ಸೇರಿಸಿ ಹೊಲಿದದ್ದು. ಅವರ ಹಣೆಯ ಮೇಲೆ ಬಿಳಿ ಮಣ್ಣಿನ ಗೆರೆ ಇತ್ತು. ಬೆಂಕಿಯ ಮೇಲೆ ಹಸಿ ಸೊಪ್ಪು ಹಾಕಿದರು. ಬೆಂಕಿ ಒಂದು ಕ್ಷಣ ಅಡಗಿ, ಒಮ್ಮೆಗೇ ಬೆಳ್ಳಗೆ ದಟ್ಟ ಹೊಗೆ ಎದ್ದಿತು. ಮಕ್ಕಳು ಸಾಲಾಗಿ ಆ ಹೊಗೆಯ ನಡುವೆ ನಡೆದು ಹೋದರು. ಕೆಲವರು ಎರಡೂ ಕೈಯಿಂದ ಹೊಗೆಯನ್ನು ತಲೆ ಮೇಲೆ ಎಳೆದುಕೊಂಡರು. ನನ್ನ ಮಗಳೂ ಹಾಗೇ ಮಾಡಿದಳು. ಫಾದರ್ ಕೂಡ ನಡೆದರು.

ಅಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದು ಗೇಟಿನ ಹತ್ತಿರವೇ ನಿಂತುಬಿಟ್ಟರು. ವಾಪಸ್ ಬರುವಾಗ ಕಾರಿನಲ್ಲಿ ಒಂದು ಮಾತಿಲ್ಲ. ರಾತ್ರಿ ಜಪಸರ ಮುಗಿದ ಮೇಲೆ ಕೇಳಿದರು: "ನಮ್ಮೂರಲ್ಲಿ ಭೂತದ ಕೋಲ ನೋಡಲು ಹೋಗಿ ನಿಂತರೆ ಫಾದರ್ ಬೈಯುತ್ತಿದ್ದರು. ಇಲ್ಲಿ ಇಗರ್ಜಿಯ ಶಾಲೆಯಲ್ಲೇ ಮಾಡಿಸುತ್ತಾರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಮ್ಮನದು ಸುಮ್ನೆ ಹಠ ಅಲ್ಲ. ನಮ್ಮ ಅಜ್ಜನ ತೋಟದ ಮೂಲೆಯಲ್ಲಿ ಒಂದು ನಾಗಬನ ಇದೆ. ಜಾಗ ನಮ್ಮದಾದರೂ ಅಜ್ಜ ಅಲ್ಲಿನ ಒಂದು ಬಳ್ಳಿಯನ್ನೂ ಕಡಿಯಲಿಲ್ಲ. ವರ್ಷಕ್ಕೊಮ್ಮೆ ಹಳೆ ಒಡೆಯರ ಮನೆಯವರು ಬಂದು ತನು ಎರೆದು ಹೋಗುತ್ತಿದ್ದರು. ಅಜ್ಜ ಅವರಿಗೆ ದಾರಿ ಬಿಟ್ಟು, ಬಾವಿಯಿಂದ ನೀರು ಸೇದಿಕೊಟ್ಟು, ತಾವು ಮನೆಯೊಳಗೆ ಹೋಗುತ್ತಿದ್ದರಂತೆ. "ಮರ್ಯಾದೆ ಕೊಡು, ಆದರೆ ನೀನು ಕೈ ಮುಗಿಯಬೇಡ" ಅಂತ ಹೇಳಿ ಅಮ್ಮನನ್ನು ಬೆಳೆಸಿದ್ದರು. ಅವರಿಗೆ ಆ ಗೆರೆ ಸ್ಪಷ್ಟ. ಇಲ್ಲಿ ಮೊಮ್ಮಗಳು ಆ ಗೆರೆ ದಾಟಿದಳು ಅನ್ನುವುದು ಅವರ ಭಯ.

ಇದು ಒಂದು. ಇನ್ನೊಂದು ಇದಕ್ಕಿಂತ ಕಷ್ಟದ್ದು. ಮೇ 26ಕ್ಕೆ ಶಾಲೆಯಲ್ಲಿ 'ಸಾರಿ ಡೇ' ಪ್ರಾರ್ಥನೆ. ಹಿಂದೆ ಇಲ್ಲಿನ ಸರ್ಕಾರ ಮೂಲನಿವಾಸಿಗಳ ಮಕ್ಕಳನ್ನು ಬಲವಂತವಾಗಿ ಮನೆಯವರಿಂದ ತೆಗೆದುಕೊಂಡು ಹೋಗಿತ್ತು, ಅದನ್ನು ನೆನೆಯುವ ದಿನ. ಮಗಳನ್ನು ಓದಲು ಆರಿಸಿದ್ದಾರೆ. ಒಂದು ಚೀಟಿ ತಂದಿದ್ದಾಳೆ. ಮೊದಲ ಎರಡು ಸಾಲು ಈ ನೆಲದ ಹಳೆಯ ಒಡೆಯರಿಗೆ ಗೌರವ ಹೇಳುವುದು. ಮೂರನೆಯದು, ತಾಯಿಯಿಂದ ಬೇರ್ಪಟ್ಟ ಮಕ್ಕಳಿಗೆ ಸಾರಿ ಹೇಳುವುದು. ನಾವು ಬಂದು ಏಳು ವರ್ಷ. ನಾವು ಯಾರ ಮಕ್ಕಳನ್ನೂ ಎತ್ತಿಕೊಂಡು ಹೋದವರಲ್ಲ. ನನ್ನ ಮಗಳ ಬಾಯಲ್ಲಿ ಕ್ಷಮೆ ಯಾಕೆ?

ಇದನ್ನು ಅವಳ ಎದುರು ಹೇಳಲಿಲ್ಲ. ಆದರೆ ನಿನ್ನೆ ಅನ್ನ ಕಲಸುತ್ತಾ ಅವಳೇ ಕೇಳಿದಳು: "ಅಮ್ಮ, ಆ ಮಕ್ಕಳನ್ನು ಇಟ್ಟುಕೊಂಡಿದ್ದು ಸಿಸ್ಟರ್‌ಗಳಾ?" ನನಗೆ ತುತ್ತು ಗಂಟಲಲ್ಲೇ ನಿಂತಿತು. ನನ್ನನ್ನು ಓದಿಸಿದ್ದೇ ಸಿಸ್ಟರ್‌ಗಳು. ಅವರು ಇಲ್ಲದಿದ್ದರೆ ನಾನು ಇಲ್ಲಿಗೆ ಬರುತ್ತಲೇ ಇರಲಿಲ್ಲ.

ಗೊತ್ತಿದ್ದವರು ಹೇಳಿ. ಜಗಳ ಬೇಡ. ನನಗೆ ನಿಜವಾಗಿ ತಿಳಿಯಬೇಕು.

ಹಾಸನದ ಟೀಚರ್ (ಮೆಲ್ಬರ್ನ್)

ನಿಮ್ಮ ಅಮ್ಮನ ಪ್ರಶ್ನೆಯನ್ನು ನನ್ನ ಶಾಲೆಯಲ್ಲಿ ವರ್ಷಕ್ಕೆ ಒಬ್ಬರಾದರೂ ಕೇಳುತ್ತಾರೆ. ಕೇರಳದವರು, ಫಿಲಿಪ್ಪೀನ್ಸ್‌ನವರು, ವಿಯೆಟ್ನಾಂನವರು. ಹಾಗಾಗಿ ನೀವು ಒಬ್ಬರೇ ಅಲ್ಲ. ನಾನು ಕ್ಯಾಥೋಲಿಕ್ ಅಲ್ಲ, ಆದರೆ 11 ವರ್ಷದಿಂದ ಕ್ಯಾಥೋಲಿಕ್ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. ನಮ್ಮಲ್ಲಿ 'ಫೈರ್ ಕ್ಯಾರಿಯರ್' ಅಂತ ಮಕ್ಕಳ ಗುಂಪು ಇದೆ, ವಿಕ್ಟೋರಿಯಾದ ತುಂಬಾ ಕ್ಯಾಥೋಲಿಕ್ ಶಾಲೆಗಳಲ್ಲಿ ಇದೆ. ಮೂಲನಿವಾಸಿಗಳ ಜೊತೆ ಮನಸ್ಸು ಕೂಡಿಸುವ ಕೆಲಸವನ್ನು ಶಾಲೆಯೊಳಗೆ ಉರಿಯುತ್ತಾ ಇಡುವುದು ಆ ಮಕ್ಕಳ ಜವಾಬ್ದಾರಿ. ಆ ಗುಂಪು ನೋಡಿಕೊಳ್ಳುವವಳು ನಾನೇ.

ಮೊದಲು ಹೊಗೆ. ಹಿರಿಯರಿಂದ ನಾನು ಕೇಳಿ ತಿಳಿದದ್ದು ಇಷ್ಟು. ಅದು ಯಾವ ದೇವರಿಗೂ ಕೊಡುವ ಹರಕೆ ಅಲ್ಲ, ಯಾರ ಮೈಮೇಲೂ ಯಾವುದೂ ಬರುವುದಿಲ್ಲ. ಜಾಗವನ್ನೂ ಬಂದವರನ್ನೂ ಶುದ್ಧ ಮಾಡಿ ಒಳಗೆ ಕರೆದುಕೊಳ್ಳುವುದು. ನಮ್ಮಲ್ಲಿ ಹೊರಗಿನಿಂದ ಬಂದವರಿಗೆ ಕಾಲಿಗೆ ನೀರು ಕೊಡುತ್ತೇವಲ್ಲ, ನನಗೆ ಅದೇ ನೆನಪಾಗುತ್ತದೆ. ವುರುಂಡ್ಜೆರಿಯವರೂ ಸೇರಿದ ಕುಲಿನ್ ಜನರ ನಂಬಿಕೆಯಲ್ಲಿ ಈ ನೆಲವನ್ನು ಸೃಷ್ಟಿಸಿದವನು ಬುಂಜಿಲ್, ಹದ್ದಿನ ರೂಪದವನು. ಮಕ್ಕಳು ಆ ಕಥೆ ಕೇಳುತ್ತಾರೆ. ಅವನಿಗೆ ಪ್ರಾರ್ಥನೆ ಮಾಡು ಅಂತ ಯಾರೂ ಯಾವ ಮಗುವಿಗೂ ಹೇಳಿದ್ದನ್ನು ನಾನು ನೋಡಿಲ್ಲ. ಹೊಗೆಯೊಳಗೆ ಹೋಗಲೇಬೇಕು ಅಂತಲೂ ಇಲ್ಲ. ನಿಮ್ಮ ಅಮ್ಮ ಗೇಟಿನ ಹತ್ತಿರ ನಿಂತಿದ್ದಕ್ಕೆ ಆ ಹಿರಿಯರು ಬೇಜಾರು ಮಾಡಿಕೊಂಡಿರುವುದಿಲ್ಲ, ಖಂಡಿತ.

ಇನ್ನೊಂದು. ನಿಮ್ಮ ಮಗಳು ಓದುವುದು 'ಅಕ್ನಾಲೆಜ್‌ಮೆಂಟ್', ಅಂದರೆ "ಇದು ನಿಮ್ಮ ನೆಲ, ನನಗೆ ಗೊತ್ತು" ಅಂತ ಹೇಳುವುದು. ಅದನ್ನು ಯಾರು ಬೇಕಾದರೂ ಹೇಳಬಹುದು. 'ವೆಲ್ಕಮ್' ಹೇಳುವ ಹಕ್ಕು ಆ ನೆಲದವರಿಗೆ ಮಾತ್ರ. ಮನೆಯವರೇ ತಾನೇ "ಬನ್ನಿ" ಅನ್ನಬೇಕು. ಇಲ್ಲಿನವರು 'ಕಂಟ್ರಿ' ಅನ್ನುವಾಗ ದೇಶ ಅಂತ ಅಲ್ಲ. ಮಣ್ಣು, ನೀರು, ಮರ, ಹುಟ್ಟಿದವರು, ಸತ್ತವರು, ಎಲ್ಲ ಸೇರಿ. ಕನ್ನಡದಲ್ಲಿ 'ನೆಲ' ಅಂದರೆ ಸ್ವಲ್ಪ ಹತ್ತಿರ ಬರುತ್ತದೆ.

ಅಮ್ಮನಿಗೆ ಪೋಪ್ ಮಾತು ಮುಖ್ಯ ಆದರೆ ಇದನ್ನು ಹೇಳಿ. 1986ರ ನವೆಂಬರ್ 29ರಂದು ಎರಡನೇ ಜಾನ್ ಪಾಲ್ ಅವರು ದೇಶದ ನಟ್ಟನಡುವಿನ ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗಿ ಮೂಲನಿವಾಸಿಗಳ ಎದುರು ನಿಂತು ಮಾತಾಡಿದರು. ನೀವು ಸಾವಿರಾರು ವರ್ಷ ಈ ನೆಲದಲ್ಲಿ ಬಾಳಿದ ಅಷ್ಟೂ ಕಾಲ ದೇವರ ಆತ್ಮ ನಿಮ್ಮ ಜೊತೆಗೇ ಇತ್ತು ಅಂದರು. ನಿಮ್ಮ ಪಾಲು ಸೇರಿ, ಉಳಿದವರು ಅದನ್ನು ಸಂತೋಷದಿಂದ ತೆಗೆದುಕೊಳ್ಳುವ ತನಕ ಆಸ್ಟ್ರೇಲಿಯಾದ ಧರ್ಮಸಭೆ ಯೇಸು ಬಯಸಿದ ಹಾಗೆ ಪೂರ್ತಿ ಆಗುವುದಿಲ್ಲ ಅಂದರು. ನಮ್ಮ ಸ್ಟಾಫ್ ರೂಮಿನ ಗೋಡೆಯ ಮೇಲೆ ಆ ಮಾತು ಇದೆ. ಕ್ಯಾಥೋಲಿಕ್ ಶಾಲೆಗಳು ಇದನ್ನೆಲ್ಲ ಮಾಡುವುದು ಸರ್ಕಾರ ಹೇಳಿದೆ ಅಂತ ಮಾತ್ರ ಅಲ್ಲ.

ಮಗಳ ಪ್ರಶ್ನೆಗೆ ಸುಳ್ಳು ಹೇಳಬೇಡಿ. ಕಾನೂನು ಸರ್ಕಾರದ್ದು. ಕರೆದುಕೊಂಡು ಬಂದ ಮಕ್ಕಳನ್ನು ಇಟ್ಟ ಜಾಗಗಳಲ್ಲಿ ತುಂಬಾ ಕಡೆ ನಡೆಸುತ್ತಿದ್ದವರು ಚರ್ಚ್‌ಗಳು, ಕ್ಯಾಥೋಲಿಕರೂ ಸೇರಿ. 1997ರ ಮೇ 26ರಂದು ಸಂಸತ್ತಿನ ಮುಂದೆ ಬಂದ ವರದಿ ಇದನ್ನೆಲ್ಲ ದಾಖಲು ಮಾಡಿದೆ, ಅದಕ್ಕೇ ಆ ದಿನ. 1910ರಿಂದ 1970ರವರೆಗೆ ಮೂಲನಿವಾಸಿಗಳ ಹತ್ತು ಮಕ್ಕಳಲ್ಲಿ ಒಬ್ಬರಿಂದ ಹಿಡಿದು ಮೂವರಲ್ಲಿ ಒಬ್ಬರ ತನಕ ಮಕ್ಕಳನ್ನು ಬಲವಂತವಾಗಿ ತೆಗೆದುಕೊಂಡು ಹೋಗಿದ್ದರು ಅಂತ ಅದರ ಅಂದಾಜು. 2001ರಲ್ಲಿ ಅದೇ ಪೋಪ್ ಓಷಿಯಾನಿಯಾದ (ಆಸ್ಟ್ರೇಲಿಯಾ ಮತ್ತು ಸುತ್ತಲಿನ ಪೆಸಿಫಿಕ್ ದ್ವೀಪಗಳ) ಬಗ್ಗೆ ಬರೆದ ಪತ್ರದಲ್ಲಿ, ಮಕ್ಕಳನ್ನು ಕುಟುಂಬದಿಂದ ಬೇರೆ ಮಾಡಿದ್ದರಲ್ಲಿ ಧರ್ಮಸಭೆಯವರ ಪಾಲು ಇದ್ದದ್ದಕ್ಕೆ ಬಿಷಪರು ಕೇಳಿದ ಕ್ಷಮೆಯನ್ನು ಸೇರಿಸಿದ್ದಾರೆ. ಧರ್ಮಸಭೆಯೇ ಒಪ್ಪಿಕೊಂಡದ್ದನ್ನು ನಾವು ಮಗುವಿನಿಂದ ಮುಚ್ಚಿಡುವುದು ಯಾಕೆ?

ಸಿಡ್ನಿ ಕನ್ನಡಿಗ

ನನ್ನ ಮಾತು ಕೆಲವರಿಗೆ ಇಷ್ಟ ಆಗದೆ ಇರಬಹುದು. ಆದರೂ ಹೇಳುತ್ತೇನೆ.

ಗೌರವ ಹೇಳುವುದು ಸರಿ. ಕ್ಷಮೆ ಕೇಳುವುದು ನನಗೆ ಒಪ್ಪಿಗೆ ಇಲ್ಲ. ತಪ್ಪು ಮಾಡಿದವನು ಕ್ಷಮೆ ಕೇಳಬೇಕು. ಪ್ರಧಾನಿಯಾಗಿದ್ದ ಕೆವಿನ್ ರಡ್ 2008ರ ಫೆಬ್ರವರಿ 13ರಂದು ಸಂಸತ್ತಿನಲ್ಲಿ ಕೇಳಿದರು. ಅದು ಸರಿ, ಯಾಕೆಂದರೆ ತಪ್ಪು ಸರ್ಕಾರದ್ದು. ಒಂಬತ್ತು ವರ್ಷದ ಭಾರತೀಯ ಹುಡುಗಿಯ ಬಾಯಲ್ಲಿ ಆ ಮಾತು ಹಾಕಿದರೆ ಅದಕ್ಕೆ ಬೆಲೆ ಏನು ಉಳಿಯಿತು? ನಮ್ಮ ಆಫೀಸಿನಲ್ಲಿ ಪ್ರತಿ ಮೀಟಿಂಗ್ ಶುರುವಿಗೂ ನೆಲದ ಒಡೆಯರಿಗೆ ಗೌರವ ಅಂತ ಓದುತ್ತಾರೆ. ಓದಿ ಮುಗಿಸಿದವರು ಮುಂದಿನ ಉಸಿರಲ್ಲಿ ಬಜೆಟ್ ಸ್ಲೈಡ್ ತೆರೆಯುತ್ತಾರೆ. 2023ರ ಅಕ್ಟೋಬರ್ 14ರಂದು ಮೂಲನಿವಾಸಿಗಳಿಗೆ ಸಂವಿಧಾನದಲ್ಲಿ ಒಂದು ದನಿ, ಅಂದರೆ ಸಂಸತ್ತಿಗೆ ಸಲಹೆ ಹೇಳುವ ಮಂಡಳಿ, ಕೊಡಬೇಕಾ ಅಂತ ಜನಮತಕ್ಕೆ ಹಾಕಿದಾಗ ಇದೇ ದೇಶದ ಸುಮಾರು 60 ಶೇಕಡಾ ಜನ ಬೇಡ ಅಂದರು. ಆರೂ ರಾಜ್ಯಗಳಲ್ಲಿ ಸೋತಿತು. ಬಾಯಲ್ಲಿ ಗೌರವ, ಕೈಯಲ್ಲಿ ಏನೂ ಇಲ್ಲ. ಇದು ನನಗೆ ನೋವು ಕೊಡುವ ವಿಷಯ.

ಆದ್ದರಿಂದ ಮಗಳಿಗೆ ಮೊದಲ ಎರಡು ಸಾಲು ಓದಲಿ ಅನ್ನಿ. ಮೂರನೆಯದನ್ನು ಬೇರೆ ಯಾರಾದರೂ ಓದಲಿ.

ಮಡಿಕೇರಿ ನರ್ಸ್ (ಡಾರ್ವಿನ್)

ಸಿಡ್ನಿ ಅಣ್ಣ, ನಿಮ್ಮ ಬೇಸರ ಅರ್ಥ ಆಗುತ್ತದೆ. ಆದರೆ 'ಸಾರಿ' ಅನ್ನುವ ಪದದ ಬಗ್ಗೆ ನನಗೆ ಬೇರೆ ಅನುಭವ ಇದೆ.

ನಾನು ಡಾರ್ವಿನ್‌ನಲ್ಲಿ ನರ್ಸ್. ಬಂದ ಮೊದಲ ತಿಂಗಳು ಒಬ್ಬ ಪೇಷೆಂಟ್ ಅಜ್ಜಿ ಡಿಸ್ಚಾರ್ಜ್ ಆಗಬೇಕಿತ್ತು, ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಫೋನ್ ಮಾಡಿದರೆ "ಸಾರಿ ಬಿಸಿನೆಸ್" ಅಂದರು. ಕ್ಷಮೆ ಕೇಳುತ್ತಿದ್ದಾರೆ ಅಂದುಕೊಂಡು ನಾನು "ಪರವಾಗಿಲ್ಲ, ಯಾವಾಗ ಬರುತ್ತೀರಿ" ಅಂದೆ. ಪಕ್ಕದಲ್ಲಿದ್ದ ಹೆಲ್ತ್ ವರ್ಕರ್ ನನ್ನ ಕೈ ಒತ್ತಿ ಹೇಳಿದರು, ಅವರ ಮನೆಯಲ್ಲಿ ಸಾವಾಗಿದೆ. ಇಲ್ಲಿನ ಮೂಲನಿವಾಸಿಗಳ ಇಂಗ್ಲಿಷ್‌ನಲ್ಲಿ 'ಸಾರಿ ಬಿಸಿನೆಸ್' ಅಂದರೆ ಸೂತಕ, ಸಾವಿನ ಕಾರ್ಯ. ಊರಿಗೆ ಊರೇ ಹೋಗಿ ಕೂರುತ್ತದೆ. ಸತ್ತವರ ಹೆಸರು ಹೇಳುವುದಿಲ್ಲ. ಕೆಲವೊಮ್ಮೆ ವಾರಗಟ್ಟಲೆ ನಡೆಯುತ್ತದೆ.

ಅವತ್ತಿನಿಂದ ನನಗೆ 'ಸಾರಿ' ಅಂದರೆ "ತಪ್ಪಾಯ್ತು" ಅಂತ ಮಾತ್ರ ಕೇಳಿಸುವುದಿಲ್ಲ. ಸಾವಿನ ಮನೆಗೆ ಹೋಗಿ ಕೂರುವುದು ಅಂತ ಕೇಳಿಸುತ್ತದೆ. ಸಾವಿನ ಮನೆಗೆ ಹೋಗಲು ನೀವೇ ಕೊಂದಿರಬೇಕು ಅಂತ ಇಲ್ಲವಲ್ಲ. ಪಕ್ಕದ ಮನೆಯವರು ಆದರೆ ಸಾಕು. ಏಳು ವರ್ಷದಿಂದ ಪಕ್ಕದ ಮನೆಯಲ್ಲಿ ಇದ್ದವರು ಹೋಗಲೇಬೇಕು, ಅಲ್ವಾ?

ಅಕ್ಕ, ನಿಮ್ಮ ಅಮ್ಮ ಸಂತ ಫ್ರಾನ್ಸಿಸ್ ಝೇವಿಯರ್ ಭಕ್ತರಾ? ನಮ್ಮ ಕಡೆಯ ಅಮ್ಮಂದಿರೆಲ್ಲ ಗೋವಾಕ್ಕೆ ಹೋಗಿ ಬಂದವರೇ. ಹಾಗಿದ್ದರೆ ಇದನ್ನು ಹೇಳಿ. ಡಾರ್ವಿನ್‌ನಿಂದ ದಕ್ಷಿಣಕ್ಕೆ ಸುಮಾರು 220 ಕಿಲೋಮೀಟರ್ ದೂರದಲ್ಲಿ ಡೇಲಿ ನದಿಯ ದಡದಲ್ಲಿ ನೌಯು ಅಂತ ಊರಿದೆ. ಅಲ್ಲಿನ ಕ್ಯಾಥೋಲಿಕ್ ಶಾಲೆಗೆ ಆ ಸಂತರದೇ ಹೆಸರು. ಮಳೆಗಾಲದಲ್ಲಿ ನದಿ ಉಕ್ಕಿದರೆ ಊರಿನವರನ್ನೆಲ್ಲ ಡಾರ್ವಿನ್‌ಗೆ ಸಾಗಿಸಬೇಕಾಗುತ್ತದೆ. ಆ ಶಾಲೆಯ ಪ್ರಿನ್ಸಿಪಾಲ್ ಆಗಿದ್ದವರು ಮಿರಿಯಂ-ರೋಸ್ ಉಂಗುನ್ಮರ್-ಬೌಮನ್, ಆ ಊರಿನವರೇ. 1975ರಲ್ಲಿ ಡಾರ್ವಿನ್ ಇರುವ ಈ ಉತ್ತರ ಪ್ರಾಂತ್ಯದಲ್ಲಿ ಪೂರ್ತಿ ಅರ್ಹತೆ ಪಡೆದ ಮೊದಲ ಮೂಲನಿವಾಸಿ ಟೀಚರ್ ಆದವರು. ಚಿತ್ರಕಾರರೂ ಹೌದು, ಶಿಲುಬೆ ಹಾದಿಯನ್ನು ತಮ್ಮ ಜನರ ಚಿತ್ರದ ರೀತಿಯಲ್ಲಿ ಬರೆದಿದ್ದಾರೆ. 2021ರಲ್ಲಿ ದೇಶ ಅವರನ್ನು ಹಿರಿಯರ ವಿಭಾಗದಲ್ಲಿ ವರ್ಷದ ಆಸ್ಟ್ರೇಲಿಯನ್ ಅಂತ ಗೌರವಿಸಿತು.

ಅವರು ಲೋಕಕ್ಕೆ ಕೊಟ್ಟ ಒಂದು ಪದ 'ದದಿರ್ರಿ'. ಒಳಗಿನ ಕಿವಿಯಿಂದ ಕೇಳುವುದು, ಸುಮ್ಮನೆ ಎಚ್ಚರವಾಗಿ ಕೂರುವುದು. ಆ ಜನರ ಭಾಷೆಯ ಹೆಸರಿನ ಅರ್ಥವೇ ಆಳದ ನೀರಿನ ಸದ್ದು ಅಂತ. ನದಿಯನ್ನು ನಾವು ಅವಸರ ಮಾಡಿಸಲು ಆಗುವುದಿಲ್ಲ, ಅದರ ಹರಿವಿನ ಜೊತೆ ಹೋಗಬೇಕು ಅಂತ ಅವರು ಹೇಳುತ್ತಾರೆ. ಅವರು ಕ್ಯಾಥೋಲಿಕ್. ದದಿರ್ರಿಯನ್ನು ಬಿಟ್ಟು ಕ್ಯಾಥೋಲಿಕ್ ಆದವರಲ್ಲ. ಅದರೊಳಗೇ ಕೂತು ಪ್ರಾರ್ಥನೆ ಮಾಡುವವರು. ನಾನು ಒಮ್ಮೆ ಆ ಊರಿನ ಪೂಜೆಗೆ ಹೋಗಿದ್ದೆ. ಬಲಿಪೂಜೆ ಮುಗಿದ ಮೇಲೂ ಯಾರೂ ಏಳಲಿಲ್ಲ. ಯಾರೂ ಏನೂ ಹಾಡಲಿಲ್ಲ. ಫ್ಯಾನಿನ ಸದ್ದು, ಹೊರಗೆ ನಾಯಿಯ ಸದ್ದು. ನನಗೆ ಮೊದಲು ಚಡಪಡಿಕೆ ಆಯಿತು. ಆಮೇಲೆ ಏಳಲು ಮನಸ್ಸೇ ಬರಲಿಲ್ಲ.

ಸಿಸ್ಟರ್‌ಗಳ ವಿಷಯ. ಇಲ್ಲಿ ಹತ್ತಿರವೇ ಮೆಲ್ವಿಲ್ ದ್ವೀಪದಲ್ಲಿ ಗಾರ್ಡನ್ ಪಾಯಿಂಟ್ ಅಂತ ಕ್ಯಾಥೋಲಿಕ್ ಮಿಷನ್ ಇತ್ತು. 1940ರ ದಶಕದಿಂದ, ತಾಯಿಯಿಂದ ಕಿತ್ತು ತಂದ ಮಿಶ್ರ ಜನ್ಮದ ಮಕ್ಕಳನ್ನು ಅಲ್ಲಿ ಇಟ್ಟಿದ್ದರು. ಅಲ್ಲಿ ಬೆಳೆದವರನ್ನು ನಾನು ವಾರ್ಡಿನಲ್ಲಿ ನೋಡಿಕೊಂಡಿದ್ದೇನೆ. ಒಬ್ಬರು ಜಪಸರ ಬಿಡದೆ ಹಿಡಿದಿದ್ದರು. ಇನ್ನೊಬ್ಬರು ಫಾದರ್ ಒಳಗೆ ಬರುವುದು ಬೇಡ ಅಂದರು. ಇಬ್ಬರೂ ಒಂದೇ ಜಾಗದಿಂದ ಬಂದವರು. ಇಬ್ಬರ ಮಾತನ್ನೂ ನಾನು ಒಪ್ಪಿದೆ. ಮಗಳಿಗೆ ಅದನ್ನೇ ಹೇಳಬಹುದು ಅನಿಸುತ್ತದೆ.

ಉಡುಪಿಯಿಂದ

ನಾನು ಆಸ್ಟ್ರೇಲಿಯಾ ನೋಡಿಲ್ಲ. ಓದುತ್ತಾ ಹೋದ ಹಾಗೆ ಒಂದು ವಿಷಯ ಮನಸ್ಸಿಗೆ ಚುಚ್ಚಿತು, ಹೇಳಿ ಹೋಗುತ್ತೇನೆ.

ನಾನೂ ಕ್ಯಾಥೋಲಿಕ್. ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ದೊಡ್ಡ ಕಾರ್ಯಗಳಿಗೆ ಡೋಲು ಬಡಿಯಲು ಕೊರಗರು ಬರುತ್ತಿದ್ದರು. ಅಂಗಳದ ಹೊರಗೆ ನಿಲ್ಲುತ್ತಿದ್ದರು. ಊಟ ಕೊನೆಗೆ, ಎಲ್ಲರದೂ ಆದ ಮೇಲೆ, ಹೊರಗೇ. ತುಳುನಾಡಿನ ಮೊದಲ ಜನ ಅವರೇ ಅಂತ ನಮ್ಮ ಹಿರಿಯರೇ ಹೇಳುತ್ತಿದ್ದರು. ಹೇಳುತ್ತಲೇ ಹೊರಗೆ ನಿಲ್ಲಿಸುತ್ತಿದ್ದರು. ಅವರ ಮೇಲೆ ಹೇರಿದ್ದ ಅಜಲು ಪದ್ಧತಿಯಲ್ಲಿ ಕೂದಲು, ಉಗುರು ಬೆರೆಸಿದ ಅನ್ನವನ್ನು ತಿನ್ನಿಸುತ್ತಿದ್ದರು. ತಿನ್ನುವವರಿಗೆ ನಮ್ಮ ರೋಗ ಹೋಗಲಿ ಅಂತ. ಕರ್ನಾಟಕ ಅದನ್ನು ಕಾನೂನು ಮಾಡಿ ನಿಷೇಧ ಮಾಡಿದ್ದು 2000ದಲ್ಲಿ. ಅಷ್ಟು ತಡವಾಗಿ.

ಅವರಿಗೆ 'ಸಾರಿ' ಹೇಳುವ ಒಂದು ದಿನ ನಮ್ಮ ಶಾಲೆಯಲ್ಲೂ ಇರಲಿಲ್ಲ, ನನ್ನ ಮಕ್ಕಳ ಶಾಲೆಯಲ್ಲೂ ಇಲ್ಲ. ನಿಮ್ಮ ಮಗಳಿಗೆ ಆ ಚೀಟಿ ಸಿಕ್ಕಿದೆ. ಓದಲಿ ಬಿಡಿ.

ಬೆಳ್ತಂಗಡಿಯವಳು (ಮೆಲ್ಬರ್ನ್)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ. ಮೇ 26 ಆಗಿಹೋಯಿತು.

ಮೊದಲು ಮಗಳು. ನರ್ಸ್ ಅವರು ಬರೆದ ಸಾವಿನ ಮನೆಯ ಮಾತನ್ನು ಅವಳಿಗೆ ಹೇಳಿದೆ. ಎರಡು ವರ್ಷದ ಹಿಂದೆ ಊರಿಗೆ ಹೋದಾಗ ಪಕ್ಕದ ಮನೆಯ ಅಜ್ಜಿ ತೀರಿಕೊಂಡಿದ್ದರು. ಅವಳೂ ನಮ್ಮ ಜೊತೆ ಬಂದು ಚಾಪೆ ಮೇಲೆ ಒಂದು ಗಂಟೆ ಕೂತಿದ್ದಳು. ನೆನಪಿದೆ ಅಂದಳು. "ಅವತ್ತು ನೀನು ಯಾರೊಂದಿಗೂ ಏನೂ ಹೇಳಲಿಲ್ಲ, ಆದರೂ ಅವರು ನಿನ್ನ ತಲೆ ಸವರಿದರು. ಇದೂ ಹಾಗೇ" ಅಂದೆ. ಸ್ವಲ್ಪ ಯೋಚನೆ ಮಾಡಿ, "ಹಾಗಾದರೆ ಜೋರಾಗಿ ಓದಬಾರದು" ಅಂದಳು. ಕನ್ನಡಿ ಮುಂದೆ ದೊಡ್ಡ ದನಿಯಲ್ಲಿ ಓದಿ ಓದಿ ಅಭ್ಯಾಸ ಮಾಡಿದ್ದನ್ನು ಬಿಟ್ಟು, ಮೆಲ್ಲಗೆ ಓದಲು ಶುರು ಮಾಡಿದಳು.

ಸಿಸ್ಟರ್‌ಗಳ ಪ್ರಶ್ನೆಗೆ ಹೌದು ಅಂದೆ. ಕೆಲವು ಕಡೆ ಸಿಸ್ಟರ್‌ಗಳೂ ಫಾದರ್‌ಗಳೂ ಇದ್ದರು ಅಂದೆ. ಅವರ ಕೈಯಲ್ಲಿ ಬೆಳೆದ ಕೆಲವರು ಅವರನ್ನು ಪ್ರೀತಿಸಿದರು, ಕೆಲವರಿಗೆ ಅವರ ಮುಖ ನೋಡಲೂ ಆಗಲಿಲ್ಲ ಅಂದೆ. ಅವಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದ್ದು, "ಇದು ನಮ್ಮ ಪ್ರಿನ್ಸಿಪಾಲ್‌ಗೆ ಗೊತ್ತಾ?" ಗೊತ್ತು, ಅದಕ್ಕೇ ಈ ಪ್ರಾರ್ಥನೆ ಇಟ್ಟಿದ್ದಾರೆ ಅಂದೆ. ಆಗ ಅವಳ ಮುಖ ಸ್ವಲ್ಪ ಹಗುರಾಯಿತು.

ಅವತ್ತು ಅಮ್ಮ ಬರುವುದಿಲ್ಲ ಅಂದಿದ್ದರು. ಫ್ರಾನ್ಸಿಸ್ ಝೇವಿಯರ್ ಹೆಸರಿನ ಶಾಲೆಯ ವಿಷಯ ಹೇಳಿದೆ. ಟೀಚರ್ ಬರೆದ ಪೋಪ್ ಮಾತನ್ನು ಕೊಂಕಣಿಯಲ್ಲಿ ಹೇಳಿದೆ. ಏನೂ ಅನ್ನಲಿಲ್ಲ. ಬೆಳಿಗ್ಗೆ ನೋಡಿದರೆ ಸೀರೆ ಉಟ್ಟು, ಮೇಲೆ ನನ್ನ ದಪ್ಪ ಸ್ವೆಟರ್ ಹಾಕಿ, ಕಾಲುಚೀಲದ ಮೇಲೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

ಅದೇ ಹಿರಿಯರು ಬಂದಿದ್ದರು. ಇಲ್ಲಿ ಅವರನ್ನು ಆಂಟಿ ಅಂತಲೇ ಗೌರವದಿಂದ ಕರೆಯುತ್ತಾರೆ. ನಮ್ಮ ಮಕ್ಕಳು ಎಲ್ಲರನ್ನೂ ಆಂಟಿ ಅನ್ನುವವರು, ಅವರಿಗೆ ಅದು ತಾನಾಗಿಯೇ ಬಂದುಬಿಟ್ಟಿದೆ. ಬೆಂಕಿಯ ಪಕ್ಕ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು, ವಯಸ್ಸಾದವರಿಗೆ. ಚಳಿಗೆ ಅಮ್ಮ ಇನ್ನೊಂದರಲ್ಲಿ ಹೋಗಿ ಕೂತರು. ನನಗೆ ಎದೆ ಡವಡವ. ಇಬ್ಬರೂ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಆಂಟಿ ಒಂದು ಎಲೆ ಕೊಟ್ಟರು. ಅದು ಈ ಜನರ ಮರ್ಯಾದೆ. ಆ ಎಲೆ ತೆಗೆದುಕೊಂಡರೆ ಮರದ ತುದಿಯಿಂದ ನೆಲದೊಳಗಿನ ಬೇರಿನ ತನಕ ಇಲ್ಲಿ ಇರುವುದಕ್ಕೆಲ್ಲ ನಿನಗೆ ಸ್ವಾಗತ ಅಂತ. ಅಮ್ಮನಿಗೆ ಅದು ಗೊತ್ತಿಲ್ಲ. ಎಲೆಯನ್ನು ಬೆರಳಲ್ಲಿ ತಿಕ್ಕಿ ಮೂಸಿ ನೋಡಿ, ಮುಖ ಅರಳಿಸಿ "ನೀಲಗಿರಿ!" ಅಂದರು. ಶೀತ ಆದಾಗ ನಮಗೆ ಹಚ್ಚುತ್ತಿದ್ದ ಎಣ್ಣೆಯ ವಾಸನೆ. ಆ ಜಾತಿಯ ಮರಗಳು ನಮ್ಮಲ್ಲಿಗೆ ಬಂದದ್ದೇ ಇಲ್ಲಿಂದ, ಅಮ್ಮನಿಗೆ ಅದೂ ಗೊತ್ತಿರಲಿಲ್ಲ. ಆಂಟಿ "ನಿ-ಲ-ಗಿ-ರಿ" ಅಂತ ಬಿಡಿಸಿ ಬಿಡಿಸಿ ಹೇಳಿದರು. ಆಮೇಲೆ ಎಲೆ ತೋರಿಸಿ "ವುರುನ್" ಅಂದರು. ಅಮ್ಮ "ವುರುನ್" ಅಂದರು. ವುರುಂಡ್ಜೆರಿ ಅನ್ನುವ ಹೆಸರಿನ ಮೊದಲ ಅರ್ಧ ಆ ಮರದ್ದೇ. ಉಳಿದ ಅರ್ಧ ಆ ಮರದಲ್ಲಿರುವ ಒಂದು ಹುಳದ್ದು.

ಮಗಳು ಓದಿದಳು. ಮೂರು ಸಾಲನ್ನೂ. ಮೂರನೆಯ ಸಾಲಿಗೆ ಬಂದಾಗ ಹಿಂದಿನವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಆಂಟಿಗೆ ಕೇಳಿಸಿತು. ಕಣ್ಣು ಮುಚ್ಚಿಕೊಂಡರು.

ಹೊಗೆಯೊಳಗೆ ಅಮ್ಮ ನಡೆಯಲಿಲ್ಲ. ಅದು ಅವರ ಗೆರೆ, ನಾನೂ ಒತ್ತಾಯ ಮಾಡಲಿಲ್ಲ. ಗಾಳಿ ತಿರುಗಿ ಹೊಗೆ ಕುರ್ಚಿ ಕಡೆ ಬಂದಾಗ ಮಾತ್ರ ಅವರು ಏಳಲಿಲ್ಲ. ಅಲ್ಲೇ ಕೂತಿದ್ದರು. ರಾತ್ರಿ ಸೀರೆ ಮಡಚುವಾಗ, "ಅಜ್ಜ ನೀರು ಸೇದಿಕೊಡುತ್ತಿದ್ದರಲ್ಲ, ನಾನು ಇವತ್ತು ಅಷ್ಟೇ ಮಾಡಿದ್ದು" ಅಂದರು.

ಸಿಡ್ನಿಯವರೇ, ನಿಮ್ಮ ಮಾತು ನನ್ನಿಂದ ಹೋಗಿಲ್ಲ. ಬಾಯಿಮಾತು ಅಷ್ಟೇ ಆಗಬಾರದು ಅನ್ನುವುದು ನಿಜ. ಮುಂದಿನ ಟರ್ಮ್‌ಗೆ ಶಾಲೆಯ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಎರಡು ವಿಷಯ ಕೇಳಬೇಕು ಅಂತ ಇದ್ದೇನೆ. ಬಂದ ಹಿರಿಯರಿಗೆ ಸರಿಯಾದ ಸಂಭಾವನೆ ಕೊಡುತ್ತಾರಾ, ಮತ್ತು ನಮ್ಮ ಶಾಲೆಯಲ್ಲಿ ಓದುವ ಮೂಲನಿವಾಸಿ ಮಕ್ಕಳ ಫೀಸಿಗೆ ಏನು ಸಹಾಯ ಇದೆ. ಟೀಚರ್, ಹೇಗೆ ಕೇಳುವುದು ಅಂತ ನಿಮಗೆ ಬೇರೆ ಮೆಸೇಜ್ ಮಾಡುತ್ತೇನೆ.

ಉಡುಪಿಯವರೇ, ನಿಮ್ಮ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ನಮ್ಮ ಮನೆಯ ಕಾರ್ಯಗಳಿಗೂ ಡೋಲು ಹೊತ್ತು ಒಬ್ಬರು ಬರುತ್ತಿದ್ದರು. ಅಮ್ಮನಿಗೆ ಅವರ ಹೆಸರು ನೆನಪಿದೆ, ನಡೆಯುವ ರೀತಿ ನೆನಪಿದೆ, ಡೋಲಿನ ಹಗ್ಗಕ್ಕೆ ಕಟ್ಟಿದ್ದ ಕೆಂಪು ಬಟ್ಟೆ ನೆನಪಿದೆ. "ಅವರ ಮನೆ ಎಲ್ಲಿತ್ತು?" ಅಂತ ಮಗಳು ಕೇಳಿದಳು. ಅಮ್ಮ ಬಾಯಿ ತೆರೆದವರು ಹಾಗೇ ನಿಂತರು. ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ಮರುದಿನ ಊರಿಗೆ ಫೋನ್ ಮಾಡಿ ಸೋದರಮಾವನನ್ನು ಕೇಳಿದರು. ಅವರಿಗೂ ಗೊತ್ತಿಲ್ಲ. ವಿಚಾರಿಸಿ ಹೇಳುತ್ತೇನೆ ಅಂದಿದ್ದಾರೆ. ಅಮ್ಮ ಎರಡು ಸಲ ನೆನಪು ಮಾಡಿದ್ದಾರೆ. ಇನ್ನೂ ಫೋನ್ ಬಂದಿಲ್ಲ.